ಸಿಂಕಿನ ಕೆಳಗಿನ ಹಲಗೆ

2019ರ ಆಗಸ್ಟ್ 4, ಭಾನುವಾರ. ಗಂಗಾಪುರ ಅಣೆಕಟ್ಟಿನಿಂದ ನೀರು ಬಿಟ್ಟರು, ನಾಶಿಕದಲ್ಲಿ ಗೋದಾವರಿ ದಂಡೆ ಮೀರಿತು. ರಾಮಕುಂಡದ ಹತ್ತಿರ ನದಿಯಲ್ಲೇ ನಿಂತಿರುವ ದುತೋಂಡ್ಯಾ ಮಾರುತಿಯೇ ಆ ಊರಿನವರಿಗೆ ಪ್ರವಾಹದ ಅಳತೆ. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು ಎಂದು ಜನ ಮಾತಾಡುತ್ತಾರೆ. ಅವತ್ತು ಮಾರುತಿ ಮುಳುಗಿಯೇ ಹೋದ. ಪಂಚವಟಿಯಲ್ಲಿ ನಮ್ಮ ಅಕ್ಕನ ಮನೆಯೊಳಗೂ ನೀರು ನುಗ್ಗಿತು.

ನಾನಿದ್ದದ್ದು ಔರಂಗಾಬಾದಿನಲ್ಲಿ, ಆಗಿನ್ನೂ ಛತ್ರಪತಿ ಸಂಭಾಜಿನಗರ ಎಂಬ ಹೆಸರು ಬಂದಿರಲಿಲ್ಲ. ನಾಶಿಕದಲ್ಲಿ ಹರಿದ ನೀರೇ ಪೈಠಣದ ಜಾಯಕವಾಡಿಗೆ ಬಂದು ನಮ್ಮ ನಲ್ಲಿಗೂ ಬರಬೇಕು. ಆ ಬೇಸಿಗೆಯಲ್ಲಿ ಜಲಾಶಯ ತಳ ಕಂಡಿತ್ತು. ಹೀಗಾಗಿ ಜಾಯಕವಾಡಿ ಏರುತ್ತಿದೆ ಎಂದು ನಮ್ಮ ಗಲ್ಲಿಯವರು ಹಿಗ್ಗುತ್ತಿದ್ದ ಹೊತ್ತಿನಲ್ಲೇ ಅಕ್ಕ ಅಲ್ಲಿ ಅಡುಗೆಮನೆಯ ಕೆಸರು ಬಳಿಯುತ್ತಿದ್ದಳು. ನನಗೆ ಆ ಹಿಗ್ಗಿನಲ್ಲಿ ಸೇರಲು ಮನಸ್ಸಾಗಲಿಲ್ಲ. ವೈಜಾಪುರ, ಯೇವಲಾ ಮೇಲಿಂದ ಹೋಗುವ ಬಸ್ಸು ಹಿಡಿದೆ.

ಸಿಂಕಿನ ಕೆಳಗಿನ ಕಪಾಟು ನೋಡುವ ಹಾಗಿರಲಿಲ್ಲ. ಪಾರ್ಟಿಕಲ್ ಬೋರ್ಡಿನ ತಳ ನೆನೆದ ರೊಟ್ಟಿಯಂತೆ ಉಬ್ಬಿತ್ತು. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ ಅದು. ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಒಣಗಿದರೂ ಮೊದಲಿನಂತೆ ಆಗದು. "ಗಣಪತಿ ಹಬ್ಬದೊಳಗ ಹೊಸಾದು ಕೂಡಿಸಿ ಬಿಡೋಣ, ತಮ್ಮಾ" ಅಂದಳು ಅಕ್ಕ. ಚತುರ್ಥಿ ಸೆಪ್ಟೆಂಬರ್ 2ಕ್ಕೆ ಇತ್ತು.

ಬಡಗಿ ವಯಸ್ಸಾದ ಮನುಷ್ಯ. ಹಲಗೆ ಎಬ್ಬಿಸಿ ತಿರುವಿ ಹಾಕಿದ, ಹಿಂದಿನ ಮೂಲೆಯಲ್ಲಿ ಬೆರಳಿಟ್ಟ. ಅಲ್ಲಿ ಒಂದರೊಳಗೊಂದು ಕಪ್ಪು ಉಂಗುರಗಳು. "ತಾಯಿ, ಇದು ಗೋದಾಮಾಯಿ ಮಾಡಿದ್ದಲ್ಲ. ನಿಮ್ಮ ಪೈಪು ಎಷ್ಟೋ ದಿನದಿಂದ ಹನಿ ಹಾಕುತ್ತಿತ್ತು" ಎಂದು ಮರಾಠಿಯಲ್ಲಿ ಹೇಳಿದ. ಅಕ್ಕ ಒಪ್ಪಲಿಲ್ಲ. ನಲ್ಲಿ ಬಿಟ್ಟು ತೋರಿಸಿದಳು, ಒಂದು ಹನಿಯೂ ಬೀಳಲಿಲ್ಲ. ಅವನು ವೇಸ್ಟ್ ಪೈಪಿನ ಜೋಡಣೆಯ ಕೆಳಗೆ ಒಣ ಪೇಪರು ಹಾಸಿ, ಸಿಂಕಿನ ಬಾಯಿ ಮುಚ್ಚಿ ನೀರು ತುಂಬಿಸಿ, ಒಮ್ಮೆಲೇ ಬಿಟ್ಟ. ರಭಸಕ್ಕೆ ಪೇಪರಿನ ಮೇಲೆ ಎರಡು ಚುಕ್ಕೆ ಮೂಡಿದವು. ಒಳಗಿನ ವಾಷರ್ ಗಡುಸಾಗಿ ಸೀಳಿತ್ತು. ಅದನ್ನು ಬದಲಿಸಲು ಆದ ಖರ್ಚು ಏನೇನೂ ಅಲ್ಲ. ಅದನ್ನು ಕಂಡುಹಿಡಿಯದೆ ಹೊಸ ಹಲಗೆ ಹಾಕಿದ್ದರೆ ಅದೂ ಕೊಳೆಯುತ್ತಿತ್ತು.

ಆಮೇಲೂ ಅವನು ಕೆಲಸಕ್ಕೆ ಕೈ ಹಾಕಲಿಲ್ಲ. ಗೋಡೆ ಒಣಗಬೇಕು ಅಂದ. ಹಸಿಯನ್ನು ಒಳಗಿಟ್ಟು ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ, ಅಂಟೂ ಬಿಡುತ್ತದೆ. ಕಪಾಟಿನ ಬಾಗಿಲು ಕಳಚಿಟ್ಟು ಟೇಬಲ್ ಫ್ಯಾನ್ ಹಚ್ಚಿದೆವು. ಮಳೆಗಾಲದ ಗಾಳಿ, ಬೇಗ ಒಣಗುವುದೆಲ್ಲಿಂದ ಬಂತು? ಬಾಗಿಲಿಲ್ಲದ ಆ ಅಡುಗೆಮನೆಯಲ್ಲೇ ಗಣಪತಿಗೆ ಕಡುಬು ಆಯಿತು. ಆ ಮನುಷ್ಯನ ಹಟವೇ ಅವತ್ತು ನಮ್ಮನ್ನು ಉಳಿಸಿತು ಎಂದು ಈಗಲೂ ನಂಬಿದ್ದೇನೆ. ಹಬ್ಬದ ಮುಂದೆ ಬಂದ ದುಡ್ಡನ್ನು ಬೇಡ ಅನ್ನುವವರು ಎಷ್ಟು ಮಂದಿ?

ಹಬ್ಬ ಮುಗಿದ ಮೇಲೆ ಬಂದ. ಪಕ್ಕದ ಹಲಗೆಗಳನ್ನು ಪೂರಾ ಕೀಳದೆ, ಉಬ್ಬಿದ ಬುಡವನ್ನಷ್ಟೇ ಕೊಯ್ದು, ಐಎಸ್ 710 ಮುದ್ರೆಯ ಮರೀನ್ ಪ್ಲೈ ತುಂಡು ಕೂಡಿಸಿದ. ಆ ಮುದ್ರೆ ಬೇಕಾದರೆ ಪ್ಲೈ 72 ತಾಸು ಕುದಿಯುವ ನೀರಿನಲ್ಲಿದ್ದೂ ಅಂಟು ಬಿಡಬಾರದು. ಆದರೂ ಕೊಯ್ದ ಅಂಚುಗಳಿಗೆಲ್ಲ ಎಣ್ಣೆಬಣ್ಣ ಬಳಿದ. ನೀರು ಮೊದಲು ಒಳಹೊಗುವುದು ಅಂಚಿನಿಂದಲೇ ಅಂತೆ.

ತಳಕ್ಕೆ ಏನು? ಅವನು ಕಲ್ಲು ಹಾಕಿ ಅಂದ. ಅಂಗಡಿಯಲ್ಲಿ ಕಡಪಾ ಕಲ್ಲಿತ್ತು, ಶಹಾಬಾದ್ ಫರಸಿಯೂ ಇತ್ತು. ನಾವು ಕಲಬುರಗಿ ಕಡೆಯವರು. ತವರಿನ ಮನೆಯ ನೆಲಕ್ಕೆಲ್ಲ ಅದೇ ಕಲ್ಲು. ಅಕ್ಕ ಎರಡನೆಯದನ್ನು ನೋಡಿದ್ದೇ ಅದರ ಮೇಲೆ ಕೈಯಾಡಿಸಿ, "ಇದು ನಮ್ಮ ಕಡೀದು, ಇದೇ ಇರಲಿ" ಅಂದಳು. ಭಾರ ಪ್ಲೈ ಮೇಲೆ ಬೀಳದಂತೆ ಇಟ್ಟಿಗೆಯ ಮೇಲೆ ಫರಸಿ ಕೂಡಿಸಿದ. ಮುಂದಕ್ಕೆ ತುಸು ಇಳಿಜಾರು ಕೊಟ್ಟ. ಹನಿ ಬಿದ್ದರೆ ಮೂಲೆಯಲ್ಲಿ ನಿಲ್ಲದೆ ಬಾಗಿಲ ಹತ್ತಿರವೇ ಕಾಣಲಿ ಎಂದು. ಸುಣ್ಣಕಲ್ಲಿಗೆ ಆಸಿಡ್ ತಾಗಬಾರದು ಎಂದೂ ಎಚ್ಚರಿಸಿದ. ಅವನು ಹೊರಡುವ ಮುಂಚೆಯೇ ಅಕ್ಕ ಅಲ್ಲಿಡುತ್ತಿದ್ದ ಬಾಟಲಿಯನ್ನು ಬಚ್ಚಲಿಗೆ ಸಾಗಿಸಿದಳು.