ಪ್ಯಾಟಿ ಮಂದಿ

"ಪ್ಯಾಟಿ ಮಂದಿ ಬಂದ್ರು ನೋಡ್ರಿ!"

ಅಫಜಲಪುರ ತಾಲೂಕಿನ ನಮ್ಮೂರಲ್ಲಿ ಬಸ್ಸಿಳಿದಾಗಲೆಲ್ಲ ಕಟ್ಟೆ ಮೇಲಿಂದ ನನಗೆ ಸಿಗೋ ಸ್ವಾಗತ ಇದು. ಆಳಂದದ ಸೋದರಮಾವನ ಮನೇಲೂ ಇದೇ, ಜೇವರ್ಗಿಯ ಅಕ್ಕನ ಮನೇಲೂ ಇದೇ. ಬಾಟಲಿ ನೀರು ಕುಡಿದರೆ ಪ್ಯಾಟಿ, ಬಿಸಿಲಿಗೆ ಟೋಪಿ ಹಾಕಿದರೆ ಪ್ಯಾಟಿ, ಶೇಂಗಾ ಹಿಂಡಿ ಖಾರ ಅಂದರಂತೂ ಮುಗೀತು. ಮಜಾ ಏನಂದ್ರೆ, ಬೆಂಗಳೂರಿನ ಆಫೀಸಲ್ಲಿ ಬಾಯ್ತಪ್ಪಿ "ಅದ", "ಹೌದ್ರಿ" ಅಂದ್ರೆ ಸಾಕು, "ನಿಮ್ದು ಯಾವ ಹಳ್ಳಿ?" ಅಂತಾರೆ.

ನಮ್ಮ ಕಡೆ 1948ರವರೆಗೆ ನಿಜಾಮರ ಆಳ್ವಿಕೆ. ಆ ಕಾಲದ ಮಾತು ನಾಲಿಗೆಯಲ್ಲಿ ಉಳಿದಿದ್ದ ಅಜ್ಜ "ಶಹರದವರು" ಅಂತಿದ್ದ. ಪುಸ್ತಕದ ಕನ್ನಡ ಇನ್ನೂ ಬಿಗಿ: ನಗರದಿಂದ 'ನಾಗರಿಕ', ಗ್ರಾಮದಿಂದ 'ಗ್ರಾಮ್ಯ'. ಒಂದಕ್ಕೆ ಸಭ್ಯ ಅನ್ನೋ ಅರ್ಥ, ಇನ್ನೊಂದಕ್ಕೆ ಒರಟು. ನಿಘಂಟು ಯಾರ ಕಡೆ ಅಂತ ಕೇಳೋದೇ ಬೇಡ. ಹಾಗಾಗಿ ಊರವರ 'ಪ್ಯಾಟಿ ಮಂದಿ'ಯಲ್ಲಿರೋ ಸಣ್ಣ ಕುಹಕ ನನಗೆ ಇಷ್ಟವೇ ಆಗಿತ್ತು.

ಹೋದ ಕಾರ ಹುಣ್ಣಿಮೆಗೆ ಮಾತ್ರ ಅದು ಚುಚ್ಚಿತು. ಶಾಲೇಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೂ ಅದೇ ಬಸ್ಸಲ್ಲಿದ್ದ. ತೊಗರಿ ಬಿತ್ತಲು ಬಂದಿದ್ದ. ಅವನು ಬೆಂಗಳೂರಲ್ಲಿ ಗೌಂಡಿ, ಹೋಗಿ 12 ವರ್ಷ ಆಯ್ತು. ನಾನು ಹೋಗಿ ಬರೀ 7. ಆದರೂ ಕಟ್ಟೆಯವರು ನನಗೆ "ಪ್ಯಾಟಿ ಮಂದಿ" ಅಂದು, ಅವನಿಗೆ "ಕೆಲಸ ಬಂದಾತೇನೋ?" ಅಂದರು.

"ನೀನೂ ಪ್ಯಾಟಿಯವನೇ ಅಲ್ಲೇನೋ?" ಅಂದೆ.

"ನಾ ಅಲ್ಲಿ ಇರ್ತೀನೇನ್ಲೇ? ದುಡಿಲಾಕ ಹೋಗ್ತೀನಿ."

ಸೈಟಿನ ತಗಡಿನ ಶೆಡ್ಡಲ್ಲಿ ಅವನ ಸಂಸಾರ. ಬಿಲ್ಡಿಂಗ್ ಮುಗಿದರೆ ಶೆಡ್ಡೂ ಎದ್ದಿತು. ರೇಷನ್ ಕಾರ್ಡು, ವೋಟು ಎರಡೂ ಊರಲ್ಲೇ. 2020ರ ಲಾಕ್‌ಡೌನಿನಲ್ಲಿ ನಾನು ಬಾಡಿಗೆ ಮನೇಲಿ ಲ್ಯಾಪ್‌ಟಾಪ್ ತೆರೆದು ಕೂತೆ, ಅವನು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದ. ಟಿವಿಯವರು ಅವನಂಥವರಿಗೆ ಒಂದು ಹೆಸರು ಕೊಟ್ಟರು: ವಲಸೆ ಕಾರ್ಮಿಕ. ನಾನೂ ಅದೇ ಊರಿಂದ ಅದೇ ಹೊಟ್ಟೆಪಾಡಿಗೆ ಹೋದವನು. ನನ್ನನ್ನು ಇವತ್ತಿನವರೆಗೆ ಯಾರೂ ವಲಸೆಯವನು ಅಂದಿಲ್ಲ. ನನಗೂ ಹಾಗನ್ನಿಸಿರಲಿಲ್ಲ.

ವಾಪಸ್ ಹೊರಡೋವಾಗ, "ಬೆಂಗಳೂರಲ್ಲಿ ಸಿಗೋಣ, ಅಡ್ರೆಸ್ ಕೊಡು" ಅಂದೆ.

ಅವನು ನಕ್ಕ. "ಮುಂದಿನ ಬಿಲ್ಡಿಂಗ್ ಯಾವ್ದಂತ ಗೊತ್ತಾದ ಮ್ಯಾಲ ಫೋನ್ ಮಾಡ್ತೀನಿ."