ಕಥೆಯೊಳಗಣ ಕಿವಿಮಾತು

ಉಪದೇಶವನ್ನು ಕೇಳಲು ಯಾರಿಗೂ ಇಷ್ಟವಿಲ್ಲ. ಕಥೆಯನ್ನು ಕೇಳಲು ಎಲ್ಲರಿಗೂ ಇಷ್ಟ. ‘ಕೊಟ್ಟ ಮಾತಿಗೆ ತಪ್ಪಬಾರದು’ ಎಂದು ಹಿರಿಯರು ಪ್ರಾರಂಭಿಸಿದರೆ ಹುಡುಗರ ಕಣ್ಣು ಕಿಟಕಿಯ ಕಡೆಗೆ ತಿರುಗುತ್ತದೆ. ಪುಣ್ಯಕೋಟಿಯು ಕರುವಿಗೆ ಹಾಲೂಡಿಸಿ ಮತ್ತೆ ಹುಲಿಯ ಬಳಿಗೆ ಬಂದ ಕಥೆಯನ್ನು ಎತ್ತಿಕೊಂಡರೆ ಅದೇ ಹುಡುಗರು ಎವೆಯಿಕ್ಕದೆ ಕುಳಿತು ಕೇಳುತ್ತಾರೆ. ನೀತಿ ಒಂದೇ, ಹೇಳಿದ ಬಗೆ ಬೇರೆ.

ನಮ್ಮ ಹಿಂದಿನ ಕಾವ್ಯಮೀಮಾಂಸಕರು ಈ ಗುಟ್ಟನ್ನು ಬಲ್ಲವರಾಗಿದ್ದರು. ಹನ್ನೊಂದನೆಯ ಶತಮಾನದ ಮಮ್ಮಟನು ಉಪದೇಶದಲ್ಲಿ ಮೂರು ಬಗೆಗಳನ್ನು ಗುರುತಿಸಿದನು. ವೇದವು ಒಡೆಯನಂತೆ ಆಜ್ಞೆ ಮಾಡುತ್ತದೆ. ಪುರಾಣವು ಗೆಳೆಯನಂತೆ ತಿಳಿಹೇಳುತ್ತದೆ. ಕಾವ್ಯವು ಪ್ರೀತಿಯ ಮಡದಿಯಂತೆ ಮನಸ್ಸನ್ನು ಒಲಿಸಿಕೊಂಡು, ಹೇಳಿದೆನೆಂದು ತೋರಗೊಡದೆಯೇ ದಾರಿಗೆ ತರುತ್ತದೆ. ಈ ಮೂರನೆಯ ಬಗೆಯ ಉಪದೇಶವನ್ನು ನಮ್ಮ ಕಾಲದಲ್ಲಿ ಮನೆಮನೆಗೆ ಒಯ್ದುದು ದೂರದರ್ಶನದ ಧಾರಾವಾಹಿ. ಅದನ್ನು ಕೇವಲ ಕಾಲಹರಣವೆಂದು ಹಳಿಯುವವರುಂಟು. ಅವರ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಕೋಟ್ಯಂತರ ಜನ ಪ್ರತಿದಿನ ನೋಡುವ ಕಥೆಯೊಂದು ಅವರಿಗೆ ಏನನ್ನೂ ಕಲಿಸದೆ ಇರುವುದು ಸಾಧ್ಯವೆ?

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1969ರಲ್ಲಿ ಒಂದು ಧಾರಾವಾಹಿ ಪ್ರಾರಂಭವಾಯಿತು. ಹಳ್ಳಿಯಿಂದ ನಗರಕ್ಕೆ ಬಂದು ಮನೆಗೆಲಸಕ್ಕೆ ಸೇರಿದ ಮರಿಯಾ ಎಂಬ ಹುಡುಗಿ ಅಕ್ಷರ ಕಲಿತು, ಹೊಲಿಗೆ ಕಲಿತು ತನ್ನ ಕಾಲಮೇಲೆ ತಾನು ನಿಂತ ಕಥೆ ಅದು. ‘ನೀವೂ ಹೊಲಿಗೆ ಕಲಿಯಿರಿ’ ಎಂದು ಅದರಲ್ಲಿ ಯಾರೂ ಹೇಳಲಿಲ್ಲ. ಆದರೂ ಆ ಕಥೆ ನಡೆದಲ್ಲೆಲ್ಲ ಹೊಲಿಗೆಯ ಯಂತ್ರಗಳ ಮಾರಾಟ ಹೆಚ್ಚಿತು. ಮೆಕ್ಸಿಕೋ ದೇಶದ ಮಿಗೆಲ್ ಸಬಿಡೊ ಎಂಬ ನಿರ್ದೇಶಕರು ಇದನ್ನು ಕಂಡು ಯೋಚಿಸಿದರು: ತಾನಾಗಿ ಆದದ್ದನ್ನು ಬೇಕೆಂದೇ ಮಾಡಿದರೆ ಹೇಗೆ? 1975ರಲ್ಲಿ ಅವರು, ಅಕ್ಷರ ಬಾರದ ವಯಸ್ಕರು ತರಗತಿಯಲ್ಲಿ ಕುಳಿತು ಓದು ಕಲಿಯುವ ಕಥೆಯೊಂದನ್ನು ಧಾರಾವಾಹಿಯಾಗಿ ತಂದರು. ಪಾಠದ ಪುಸ್ತಕಗಳು ಎಲ್ಲಿ ದೊರೆಯುತ್ತವೆ ಎಂಬುದನ್ನು ಒಂದು ಕಂತಿನಲ್ಲಿ ತಿಳಿಸಿದಾಗ, ಮರುದಿನ ರಾಜಧಾನಿಯ ಆ ಸ್ಥಳಕ್ಕೆ ಸಾವಿರಾರು ಜನ ನುಗ್ಗಿ ಬಂದರು.

ಸಬಿಡೊ ಅವರ ಕ್ರಮ ಸರಳವಾದದ್ದು. ಕಥೆಯಲ್ಲಿ ಒಳ್ಳೆಯ ದಾರಿಯವನೊಬ್ಬ, ಕೆಟ್ಟ ದಾರಿಯವನೊಬ್ಬ, ಇವರಿಬ್ಬರ ನಡುವೆ ತೂಗಾಡುವವನೊಬ್ಬ ಇರಬೇಕು. ನೋಡುವವರು ಈ ಮೂರನೆಯವನ ಜೊತೆಗೆ ಹೆಜ್ಜೆ ಹಾಕುತ್ತಾರೆ. ಏಕೆಂದರೆ ನಾವೆಲ್ಲರೂ ತೂಗಾಡುವವರೇ. ಅವನು ಬಿದ್ದಾಗ ನಮಗೆ ನೋವು, ಎದ್ದಾಗ ನಮಗೆ ಧೈರ್ಯ.

ಈ ಮಾದರಿಯಿಂದ ಪ್ರೇರಣೆ ಪಡೆದು ನಮ್ಮ ದೂರದರ್ಶನವು ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿಯನ್ನು 1984ರ ಜುಲೈ 7ರಂದು ಪ್ರಾರಂಭಿಸಿತು. ‘ನಾವು’ ಎಂದು ಅದರ ಅರ್ಥ. ಬರೆದವರು ಮನೋಹರ ಶ್ಯಾಮ ಜೋಶಿ. 156 ಕಂತುಗಳ ಈ ಕಥೆ 1985ರ ಡಿಸೆಂಬರ್‌ವರೆಗೆ ನಡೆಯಿತು. ಮೊದಲ ಕೆಲವು ಕಂತುಗಳಲ್ಲಿ ಕುಟುಂಬಯೋಜನೆಯ ಬೋಧನೆಯೇ ಎದ್ದು ಕಾಣುತ್ತಿತ್ತು, ಜನ ಬೇಸರಪಟ್ಟರು. ಬೋಧನೆ ಕಥೆಯೊಳಕ್ಕೆ ಸರಿದಾಗ ಜನ ಕಥೆಯ ಹತ್ತಿರಕ್ಕೆ ಸರಿದರು. ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಬಂದು ನಗುನಗುತ್ತ ಎರಡು ಮಾತು ಆಡುತ್ತಿದ್ದರು. ಲಕ್ಷಗಟ್ಟಲೆ ಪತ್ರಗಳು ಬಂದವು. ಕಥೆಯಲ್ಲಿ ಹಿರಿಯ ಮಗಳು ಬಡಕಿಯ ಮದುವೆಯಾದಾಗ ಉತ್ತರದ ಊರುಗಳಿಂದ ಶುಭಾಶಯದ ತಂತಿಗಳು ಹೋದವು. ನೇತ್ರದಾನದ ಪ್ರಸಂಗ ಬಂದಾಗ ಅಹಮದಾಬಾದಿನ ಒಂದು ತರುಣ ಸಂಘದವರು ತಮ್ಮ ಕಣ್ಣುಗಳನ್ನು ದಾನಮಾಡುವುದಾಗಿ ಸಹಿ ಹಾಕಿ ಕಳುಹಿಸಿದರು.

ನಾನು ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಟಿ.ವಿ.; ಅದು ಸೈನ್ಯದಿಂದ ನಿವೃತ್ತರಾಗಿ ಬಂದ ಸುಬೇದಾರರ ಮನೆಯಲ್ಲಿತ್ತು. ಬೀದಿಯಲ್ಲಿ ಹಿಂದಿ ಬಲ್ಲವರೂ ಅವರೊಬ್ಬರೇ. ನಡುಮನೆಯಲ್ಲಿ ಚಾಪೆ ಹಾಸಿ ಕುಳಿತ ನಮಗೆಲ್ಲ ಅವರು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆಯೂ ಕೆಲಸ ಮುಗಿಸಿ ಬಂದು ಬಾಗಿಲ ಬಳಿ ಕೂರುತ್ತಿದ್ದಳು.

ಆ ಕಥೆಯ ತಾಯಿ ಭಗವಂತಿ. ಗಂಡ ಬಸೇಸರ್ ರಾಮ್ ಕುಡುಕ. ಅತ್ತೆಯ ಬಾಯಿ ಬಿರುಸು. ಅವಳು ಎಲ್ಲರಿಗೂ ದುಡಿಯುತ್ತಾಳೆ, ಎಲ್ಲರ ಮಾತನ್ನೂ ನುಂಗುತ್ತಾಳೆ. ಒಂದು ಸಂಜೆ ಹೆಂಗಸರೆಲ್ಲ ‘ಹೆಣ್ಣೆಂದರೆ ಹೀಗಿರಬೇಕು, ಭೂಮಿತೂಕದವಳು’ ಎಂದು ಮೆಚ್ಚಿಕೊಳ್ಳುತ್ತಿದ್ದರು. ಎಂದೂ ಬಾಯಿ ತೆರೆಯದ ಅತ್ತೆ ಬಾಗಿಲ ಬಳಿಯಿಂದಲೇ ಕೇಳಿದಳು: “ಅವಳು ಎಲ್ಲರಿಗೂ ಬಡಿಸಿದಳಲ್ಲ, ಅವಳಿಗೆ ಬಡಿಸಿದವರು ಯಾರು?”

ಯಾರೂ ಉತ್ತರ ಹೇಳಲಿಲ್ಲ. ಆ ರಾತ್ರಿ ನಾವು ಊಟಕ್ಕೆ ಕುಳಿತಾಗ ಅಪ್ಪ ಕೈತುತ್ತನ್ನು ನಿಲ್ಲಿಸಿ, ಅಡುಗೆಮನೆಯ ಕಡೆಗೆ ತಿರುಗಿ, “ಅಕ್ಕಾ, ನಿನಗೆ ಸಾರು ಉಳಿದಿದೆಯೆ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ. ಅತ್ತೆ “ಇದೆ, ಊಟಮಾಡು” ಎಂದಳು. ಮಾತು ಅಷ್ಟೇ. ಆದರೆ ಮರುದಿನದಿಂದ ಅವಳ ಪಾಲನ್ನು ಮೊದಲೇ ತೆಗೆದಿಡುವ ಪದ್ಧತಿ ನಮ್ಮಲ್ಲಿ ಪ್ರಾರಂಭವಾಯಿತು.

ಈ ಧಾರಾವಾಹಿಯನ್ನು ಕುರಿತು ಅಧ್ಯಯನ ನಡೆಸಿದ ಅರವಿಂದ ಸಿಂಘಲ್ ಮತ್ತು ಎವರೆಟ್ ರೋಜರ್ಸ್ ಎಂಬ ವಿದ್ವಾಂಸರ ಬರಹವನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ಹೀಗೆ ಬಾಳಿದರೆ ಹೆಣ್ಣಿಗೆ ದುಃಖವೇ ಗತಿ ಎಂದು ತೋರಿಸಲು ಕಥೆ ಹೆಣೆದವರು ಭಗವಂತಿಯನ್ನು ಚಿತ್ರಿಸಿದ್ದರು. ಆದರೆ ನೋಡಿದವರಲ್ಲಿ ಅನೇಕರು ಅವಳನ್ನೇ ಆದರ್ಶವೆಂದು ಭಾವಿಸಿದರು! ನಮ್ಮ ಬೀದಿಯ ನಡುಮನೆಯಲ್ಲಿ ಆದದ್ದೂ ಅದೇ ಅಲ್ಲವೆ? ಹತ್ತು ಜನ ಕಂಡದ್ದು ಒಂದು. ಭಾಷೆಯೇ ಬಾರದ ನನ್ನ ಅತ್ತೆ ಕಂಡದ್ದು ಇನ್ನೊಂದು. ಕಥೆಗಾರನು ಕಿವಿಮಾತನ್ನು ಬಚ್ಚಿಡಬಲ್ಲನು. ಅದನ್ನು ಹುಡುಕಿ ತೆಗೆಯಬೇಕಾದವರು ನೋಡುವವರೇ.

ಹೀಗೆ ಹುಡುಕಿದವರಿಗೆ ದೊರೆಯುವ ಇನ್ನೊಂದು ನಿಧಿ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ನಮ್ಮ ಮಲೆನಾಡಿನ ಆಗುಂಬೆಯಲ್ಲಿ ಚಿತ್ರೀಕರಿಸಿ 1980ರ ದಶಕದಲ್ಲಿ ದೇಶಕ್ಕೆಲ್ಲ ತೋರಿಸಿದರು. ಅದರಲ್ಲಿ, ಧೈರ್ಯವೇ ಎಲ್ಲಕ್ಕಿಂತ ಮುಖ್ಯವೆಂದು ತಂದೆಯು ಪುಟ್ಟ ಸ್ವಾಮಿಯನ್ನು ಕತ್ತಲೆಯ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವ ಕಥೆಯೊಂದಿದೆ. ನಡುರಾತ್ರಿ ಕಂಡ ಕಾಲನ್ನು ದೆವ್ವದ್ದೆಂದು ಬಗೆದು ಸ್ವಾಮಿ ಹೆದರಿಕೆಯಿಂದ ಕಚ್ಚಿಬಿಡುತ್ತಾನೆ. ಅದು ಕಳ್ಳನ ಕಾಲು! ಊರೆಲ್ಲ ಅವನನ್ನು ವೀರನೆಂದು ಹೊಗಳುತ್ತದೆ. ಮರುರಾತ್ರಿ ಆ ವೀರ ಅಜ್ಜಿಯ ಮಗ್ಗುಲಲ್ಲಿ ಮಲಗಿ ನಿದ್ರಿಸುತ್ತಾನೆ. ಮೇಲೆ ಕಾಣುವ ನೀತಿ ಧೈರ್ಯದ್ದು. ಒಳಗಿನ ಕಿವಿಮಾತು ಹಿರಿಯರಿಗೆ: ಮಗುವಿನ ಭಯವನ್ನು ಹಗುರವಾಗಿ ಕಾಣಬೇಡಿ.

ಒಳ್ಳೆಯದು ಹೊಕ್ಕ ಬಾಗಿಲಿನಿಂದಲೇ ಕೆಟ್ಟದ್ದೂ ಹೊಗುತ್ತದೆ. ಮೈ ಕಪ್ಪಗಿದ್ದವನನ್ನು, ಮಾತು ತೊದಲುವವನನ್ನು ಕಥೆಯೊಂದು ಮತ್ತೆ ಮತ್ತೆ ನಗೆಗೀಡು ಮಾಡಿದರೆ, ಅತ್ತೆ ಸೊಸೆಯರೆಂದರೆ ಹಗೆಗಳೇ ಎಂದು ದಿನವೂ ತೋರಿಸಿದರೆ, ಅದೂ ಒಂದು ಪಾಠವೇ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದರಿಂದಲೇ ನಾವು ಎದುರುತ್ತರ ಕೊಡುವುದಿಲ್ಲ.

ಇಂದು ಆ ಪೆಟ್ಟಿಗೆ ಗೋಡೆಯ ಮೇಲಿನ ಹಲಗೆಯಾಗಿದೆ. ಅಂಗೈಯೊಳಗಿನ ಫೋನೂ ಆಗಿದೆ. ಹತ್ತು ಜನ ಕೂಡಿ ನೋಡುತ್ತಿದ್ದಾಗ ಒಬ್ಬರಲ್ಲದಿದ್ದರೆ ಇನ್ನೊಬ್ಬರು ಪ್ರಶ್ನೆ ಎತ್ತುತ್ತಿದ್ದರು. ಒಬ್ಬನೇ ನೋಡುವವನು ಆ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳಬೇಕು. ಈ ಕಥೆಯಲ್ಲಿ ನಗುವವರು ಯಾರು, ನಗೆಗೀಡಾದವರು ಯಾರು? ಮಾತನಾಡುವವರು ಯಾರು, ಸುಮ್ಮನಿರುವವರು ಯಾರು? ಹೀಗೆ ಕೇಳುತ್ತ ನೋಡುವವನಿಗೆ ಕಥೆಯು ಒಡೆಯನಾಗಲಾರದು, ಒಳ್ಳೆಯ ಗೆಳೆಯನಾದೀತು.