ಎಡಗಡೆಯ ಹಿಂದಿನ ಗಾಲಿ

ಪುಣೆಯಲ್ಲಿರುವ ಕನ್ನಡದ ಅಜ್ಜಂದಿರಿಗೆ ಒಂದು ಕಷ್ಟವಿದೆ. ಮೊಮ್ಮಕ್ಕಳ ಜೊತೆ ಮಾತಾಡಲು ವಿಷಯವೇ ಸಿಗುವುದಿಲ್ಲ. ಇಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಗಳ ಮಗನ ಕನ್ನಡ "ಹೂಂ", "ಬ್ಯಾಡ", "ಊಟ ಆತು" ಅನ್ನುವಷ್ಟೇ. ಉಳಿದದ್ದೆಲ್ಲ ಗೆಳೆಯರ ಜೊತೆ, ಮರಾಠಿಯಲ್ಲಿ.

ಅವನ ತಂಡ ರೋಬೋಕಾನ್ ಸ್ಪರ್ಧೆಗೆ ರೋಬೋ ಕಟ್ಟುತ್ತಿತ್ತು. ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ಮಕ್ಕಳಿಗಾಗಿ 2002ರಲ್ಲಿ ಶುರುವಾದ ಸ್ಪರ್ಧೆ ಇದು. 2014ರ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಪುಣೆಯಲ್ಲೇ. ದೇಶದೊಳಗಿನ ಸುತ್ತಿಗೆ ಹತ್ತು ದಿನ ಇರುವಾಗ, ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಹುಡುಗರೆಲ್ಲ ತಲೆ ಮೇಲೆ ಕೈಹೊತ್ತು ಕೂತಿದ್ದರು. ನಾಲ್ಕು ಗಾಲಿಗೆ ನಾಲ್ಕು ಮೋಟರ್, ಒಂದೊಂದಕ್ಕೂ ಒಂದು ಸ್ಪೀಡ್ ಕಂಟ್ರೋಲರ್. ಎತ್ತಿ ಹಿಡಿದರೆ ನಾಲ್ಕೂ ತಿರುಗುತ್ತವೆ. ನೆಲಕ್ಕಿಟ್ಟರೆ ಎಡಗಡೆಯ ಹಿಂದಿನದು ತಡವರಿಸಿ ನಿಂತುಬಿಡುತ್ತದೆ.

"ಅಜ್ಜಾ, ಕಂಟ್ರೋಲರ್ ಸುಟ್ಟದ. ಹೊಸಾದು ತರಬೇಕು," ಎಂದ. ವಂತಿಗೆ ಹಣ ಆಗಲೇ ತಳ ಕಂಡಿತ್ತು. ಹೊಸದು ತಂದರೆ ಸ್ಪರ್ಧೆಗೆ ಹೋಗುವ ರೈಲು ಟಿಕೆಟ್ಟಿಗೆ ದುಡ್ಡಿಲ್ಲ.

ನಾನು ಓದಿದ್ದು ಎಂ.ಕಾಂ. ಆದರೆ ತಾಳೆಯಾಗದ ಟ್ರಯಲ್ ಬ್ಯಾಲೆನ್ಸ್ ಮುಂದೆ ಎಷ್ಟೋ ರಾತ್ರಿ ಕೂತವನು. ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬೇಕೆಂದು ಮೊದಲು ಅದನ್ನೇ ಹುಡುಕುತ್ತಿದ್ದೆವು. ಊಹೆಯ ಮೇಲೆ ಯಾವ ಖಾತೆಗೂ ಖರ್ಚು ಹಾಕುತ್ತಿರಲಿಲ್ಲ.

"ಸುಟ್ಟದ ಅಂತ ಹೆಂಗ ಗೊತ್ತಾತು? ಅದಲುಬದಲು ಮಾಡಿ ನೋಡೀರೇನು?"

ಆ ಮೋಟರನ್ನು ಬಲಗಡೆಯ ಕಂಟ್ರೋಲರಿಗೆ ಜೋಡಿಸಿದರು. ನೆಲದ ಮೇಲೂ ಚೆನ್ನಾಗಿ ಓಡಿತು. ಬಲಗಡೆಯ ಮೋಟರನ್ನು ಎಡಕ್ಕೆ ಜೋಡಿಸಿದರೆ ಅದು ನಿಂತಿತು. ಅಂದರೆ ಮೋಟರಿನ ತಪ್ಪೇನಿಲ್ಲ.

"ನೋಡಜ್ಜಾ, ಕಂಟ್ರೋಲರೇ!"

"ತಡೀಪಾ. ಅದಕ್ಕ ಜಮಾ ಸರಿಯಾಗಿ ಬರ್ತದೇನು, ನೋಡ್ರಿ."

ರೋಬೋ ನೆಲದ ಮೇಲೆ ಎಳೆಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯ ಹತ್ತಿರ 23 ವೋಲ್ಟ್, ಆ ಕಂಟ್ರೋಲರಿನ ಹತ್ತಿರ 17. ಬ್ಯಾಟರಿ ಬಿಚ್ಚಿ, ನಡುವಿನ ತಂತಿಯ ಲಗ್ ಮುಟ್ಟಿದ ಹುಡುಗ ಕೈ ಹಿಂದೆಳೆದ. ಸುಡುತ್ತಿತ್ತು.

ಗಾಲಿ ಗಾಳಿಯಲ್ಲಿದ್ದಾಗ ಮೋಟರಿಗೆ ಬೇಕಾಗುವ ಕರೆಂಟ್ ಕಡಿಮೆ. ಸರಿಯಾಗಿ ಒತ್ತಿರದ ಲಗ್ ಕೂಡ ಸಂಭಾಳಿಸುತ್ತದೆ. ಭಾರ ಬಿದ್ದರೆ ಕರೆಂಟ್ ಏರಿ, ಆ ಜೋಡಣೆಯಲ್ಲೇ ವೋಲ್ಟೇಜ್ ಸೋರಿ ಶಾಖವಾಗುತ್ತದೆ. ಬ್ಯಾಟರಿ ಬರಿದಾಯಿತೆಂದು ತಿಳಿದು ಕಂಟ್ರೋಲರ್ ಮೋಟರನ್ನು ನಿಲ್ಲಿಸುತ್ತದೆ. ಇದನ್ನೆಲ್ಲ ಮೊಮ್ಮಗ ನನಗೆ ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಿದ. ನಡುವೆ ನಿಲ್ಲಿಸಿ, "ಅಜ್ಜಾ, 'ಸೈಲ್' ಅನ್ನೋದಕ್ಕ ಕನ್ನಡದಾಗ ಏನಂತಾರ?" ಎಂದು ಕೇಳಿದ.

"ಸಡಲ."

ಹೊಸ ಲಗ್ ಬಿಗಿಯಾಗಿ ಒತ್ತಿ, ಕೈಯಿಂದ ಜಗ್ಗಿ ನೋಡಿದರು. ಉಳಿದ ಮೂರು ಕಡೆಯೂ ಜಗ್ಗಿದರು. ಇನ್ನೊಂದು ಸಡಿಲವಾಗಿತ್ತು, ಅದನ್ನೂ ಬದಲಿಸಿದರು. ನಾಲ್ಕೂ ಗಾಲಿ ನೆಲದ ಮೇಲೆ ಓಡಿದವು. ರೈಲು ಟಿಕೆಟ್ಟಿನ ದುಡ್ಡು ಉಳಿಯಿತು.

ಈಗ ಆ ರೋಬೋದ ವಹಿ ನನ್ನ ಹತ್ತಿರವಿದೆ. ದಿನಾಂಕ, ಏನಾಯಿತು, ಎಷ್ಟು ವೋಲ್ಟ್, ಏನು ಮಾಡಿದರು, ಎಲ್ಲ ಕನ್ನಡದಲ್ಲೇ ಬರೆದಿಡುತ್ತೇನೆ. ಅವನಿಗೆ ಕನ್ನಡ ಓದಲು ಬಾರದು. ಓದಿಸಿಕೊಳ್ಳಲು ಸಂಜೆ ಬಂದು ಪಕ್ಕದಲ್ಲಿ ಕೂರುತ್ತಾನೆ.